ಮೀಸೆ ಇಲ್ಲದ ಬದಾಮ ರಾಜಾ

ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಸೋಮವಾರ ಬೆಳಗಿನ ಹೊತ್ತು ನೀವು ಎಂದಾದರೂ ನಿಂತಿದ್ದರೆ, ಕಂಬಕ್ಕೆ ಒರಗಿ, ಸೆರಗಿನ ಅಂಚಿನಿಂದ ಬಾಯಿ ಮುಚ್ಚಿಕೊಂಡು, ಒಬ್ಬಳೇ ನಗುತ್ತಿರುವ ಹೆಂಗಸೊಬ್ಬಳನ್ನು ನೋಡಿರಬಹುದು. ಗಾಬರಿಯಾಗಬೇಡಿ, ಅದು ನಾನು. ಭಾನುವಾರ ಗೆಳತಿಯ ಮನೆಯಲ್ಲಿದ್ದು, ಸೋಮವಾರ ಬಾದಾಮಿಯ ಕಾಲೇಜಿಗೆ ಪಾಠ ಹೇಳಲು ಹೊರಟಿರುತ್ತೇನೆ. ಮಾತು ಕಡಿಮೆ, ನಗು ಇನ್ನೂ ಕಡಿಮೆ ಎಂದು ಕಾಲೇಜಿನಲ್ಲಿ ನನಗೆ ಹೆಸರಿದೆ. ಆದರೆ ಕಂಡಕ್ಟರು ಬಸ್ಸಿನ ಬಾಗಿಲಿಗೆ ಜೋತುಬಿದ್ದು, "ಬದಾಮಿ, ಬದಾಮಿ, ಬದಾಮಿ! ಲಗೂ ಏರ್ರಿ!" ಎಂದು ಕೂಗಿದ ಕೂಡಲೇ ಆ ಹೆಸರೆಲ್ಲ ಮಣ್ಣುಪಾಲಾಗುತ್ತದೆ. ಕಣ್ಣ ಮುಂದೆ ಕೆಂಪು ಅಂಗಿಯ ಒಬ್ಬ ರಾಜ ಬಂದು ನಿಲ್ಲುತ್ತಾನೆ. ಅವನ ಕತ್ತಿ ಅವನದೇ ತಲೆಯೊಳಗೆ ಚುಚ್ಚಿಕೊಂಡಂತೆ ಇದೆ. ಅವನಿಗೆ ಮೀಸೆ ಇಲ್ಲ.

ಬರೆಯುವಾಗ ನಾವೆಲ್ಲ ಬಾದಾಮಿ ಎಂದೇ ಬರೆಯುತ್ತೇವೆ. ಬಾಯಲ್ಲಿ ಮಾತ್ರ ಅದು ಬದಾಮಿ. ಆ ಒಂದು ದೀರ್ಘ ಬಿದ್ದುಹೋಗದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕತೆಗೆ ಮೊದಲು ನನ್ನ ದಡ್ಡತನವನ್ನು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದೆ, ಕೊನೆಯ ವರ್ಷ. ಸಂಖ್ಯಾಶಾಸ್ತ್ರ ನನ್ನ ಪ್ರೀತಿಯ ವಿಷಯ. ಸೂತ್ರಗಳು ಬಾಯಿಪಾಠ, ಅಕ್ಷರ ಮುತ್ತಿನಂತೆ, ಉತ್ತರದ ಕೆಳಗೆ ಅಳತೆಪಟ್ಟಿ ಇಟ್ಟು ಎರಡು ಗೆರೆ. ಹೀಗಿದ್ದ ನಾನು ಸಂಭವನೀಯತೆಯ ಅಧ್ಯಾಯಕ್ಕೆ ಬಂದಾಗ ಮುಗ್ಗರಿಸಿದೆ. ಆ ಪುಸ್ತಕ ಬರೆದವರಿಗೆ ಲೋಕದಲ್ಲಿ ಎಲ್ಲರೂ ಇಸ್ಪೀಟು ಆಡಿಯೇ ದೊಡ್ಡವರಾಗುತ್ತಾರೆ ಎಂಬ ಗಟ್ಟಿ ನಂಬಿಕೆ. 'ಚೆನ್ನಾಗಿ ಕಲೆಸಿದ ಒಂದು ಕಟ್ಟಿನಿಂದ' ಎಂದು ಶುರುಮಾಡಿದರೆಂದರೆ ಮುಗಿಯಿತು. ಆ ಕಟ್ಟಿನೊಳಗೆ ಏನಿರುತ್ತದೆ ಎಂಬುದನ್ನು ಎಲ್ಲಿಯೂ ಹೇಳುತ್ತಿರಲಿಲ್ಲ. ಸ್ಪೇಡ್ ಎಂದರೆ ಸಲಿಕೆ ಎಂದು ನಿಘಂಟು ಹೇಳಿತು. ಕ್ಲಬ್ ಎಂದರೆ ಸಾಹೇಬರು ಸಂಜೆ ಹೋಗುವ ಜಾಗ ಎಂದು ನನಗೇ ಗೊತ್ತಿತ್ತು. ಸಲಿಕೆಗೂ ಕ್ಲಬ್ಬಿಗೂ ಹೃದಯಕ್ಕೂ ವಜ್ರಕ್ಕೂ ಏನು ಸಂಬಂಧ ಎಂದು ಯೋಚಿಸಿ ತಲೆ ಕಾದಿತ್ತು.

ಟೆಸ್ಟಿನಲ್ಲಿ ಪ್ರಶ್ನೆ ಬಂತು: ಕಟ್ಟಿನಿಂದ ಎರಡು ಎಲೆ ತೆಗೆದರೆ ಎರಡೂ ರಾಣಿಯಾಗಿರುವ ಸಂಭವನೀಯತೆ ಎಷ್ಟು? ನಾನು ನಿಧಾನವಾಗಿ ವಿಚಾರ ಮಾಡಿ ಬರೆದೆ. 'ಒಂದು ಕಟ್ಟಿನಲ್ಲಿ ರಾಣಿ ಒಬ್ಬಳೇ ಇರುವುದರಿಂದ ಎರಡೂ ಎಲೆ ರಾಣಿಯಾಗುವುದು ಅಸಾಧ್ಯ. ಉತ್ತರ: ಸೊನ್ನೆ.' ಕೆಳಗೆ ಎರಡು ಗೆರೆ.

ಸರ್ ಆ ಹಾಳೆಯನ್ನು ತರಗತಿಯಲ್ಲಿ ಎತ್ತಿ ಹಿಡಿದರು.

"ಯಾರ್ರೀ ಇದು, ರಾಣಿ ಒಬ್ಬಾಕೇ ಅಂದಾಕಿ? ನಾಲ್ಕು ಮಂದಿ ಅದಾರ್ರೀ ರಾಣ್ಯಾರು!"

ಹಿಂದಿನ ಬೆಂಚಿನಿಂದ ಒಂದು ಗಂಡು ದನಿ ಎದ್ದಿತು. "ಸರ್, ಅವರ ರಾಜಾ ಭಾಳ ಸಂಭಾವಿತ ಇರಬೇಕ್ರಿ!"

ಇಡೀ ತರಗತಿ ನಕ್ಕಿತು. ನನ್ನ ಸೊನ್ನೆಯ ಪಕ್ಕದಲ್ಲಿ ಸರ್ ತಮ್ಮದೊಂದು ಸೊನ್ನೆ ಬರೆದು ಕೊಟ್ಟಿದ್ದರು. ಎರಡನ್ನೂ ಒಟ್ಟಿಗೆ ನೋಡಿದರೆ ಕನ್ನಡಕದ ಹಾಗಿತ್ತು.

ತಪ್ಪು ನನ್ನದಲ್ಲ, ನಮ್ಮಪ್ಪನದು ಎಂದು ಈಗಲೂ ವಾದಿಸಬಲ್ಲೆ. ನಮ್ಮ ಮನೆ ಇಳಕಲ್‌ನಲ್ಲಿ. ಅಪ್ಪ ಹುನಗುಂದದ ಕೋರ್ಟಿನಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಇಸ್ಪೀಟು ಅವರಿಗೆ ಆಟವಲ್ಲ, ಮುದ್ದೆಮಾಲು. ಅಂದರೆ ಪೊಲೀಸರು ಜಪ್ತಿ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಕೋರ್ಟಿಗೆ ಒಪ್ಪಿಸಿದ ಸಾಮಾನು. 'ಇಸ್ಪೀಟ್ ಎಲೆ ಐವತ್ತೆರಡು' ಎಂದು ಎಷ್ಟೋ ಸಲ ಗಟ್ಟಿಯಾಗಿ ಓದಿದ್ದ ಅಪ್ಪ, ಅದರಲ್ಲಿ ಒಂದನ್ನೂ ಬಿಡಿಸಿ ನೋಡಿದವರಲ್ಲ. ಮನೆಯಲ್ಲಿ ಯಾರಾದರೂ ಆ ಹೆಸರೆತ್ತಿದರೆ, ಮನೆಯ ಮೇಲೇ ಅರಗಿನ ಮುದ್ರೆ ಬಿದ್ದಂತೆ ಮುಖ ಮಾಡುತ್ತಿದ್ದರು. ಹೀಗೆ ಬೆಳೆದವಳಿಗೆ ನಾಲ್ಕು ರಾಣಿಯರು ಎಲ್ಲಿಂದ ಸಿಗಬೇಕು?

ಸೊನ್ನೆ ಬಂದದ್ದಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಅದೇ ಹೊತ್ತಿಗೆ ಬಾದಾಮಿಯಿಂದ ಒಂದು ವರನ ಫೋಟೋ ಬಂದಿತ್ತು. ಹೆಸರು ರಾಜಶೇಖರ. ಮನೆಯವರು, ನೆಂಟರು ಎಲ್ಲರೂ ಕರೆಯುವುದು ರಾಜಾ ಎಂದು. ಒಳ್ಳೆಯ ಮನೆತನ, ಒಳ್ಳೆಯ ನೌಕರಿ, ಮುಖ ನುಣ್ಣಗೆ. ನನಗೆ ಆತನ ಮೇಲೆ ಯಾವ ತಕರಾರೂ ಇರಲಿಲ್ಲ. ಆದರೆ ನನಗೆ ಬೇಕಿದ್ದದ್ದು ಧಾರವಾಡ. ಎಂ.ಎಸ್ಸಿ. ಮಾಡಬೇಕು, ಆ ದೊಡ್ಡ ಗ್ರಂಥಾಲಯದ ಕಿಟಕಿಯ ಪಕ್ಕ ಕೂರಬೇಕು ಎಂದು ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜಾಗ ಹಿಡಿದಿಟ್ಟುಕೊಂಡಿದ್ದೆ. ಅಪ್ಪ ಅವಸರದ ಮನುಷ್ಯರಲ್ಲ. "ಹುಡುಗಿ ಏನಂತಾಳ ಕೇಳೂಣು. ಅಕಿ ಬಾಯಿಲೇ ಬರಲಿ" ಎಂದು ಫೋಟೋವನ್ನು ದೇವರ ಜಗಲಿಯ ಮೇಲೆ ಇಟ್ಟು ಕಾಯುತ್ತಿದ್ದರು. ತೊಂದರೆ ಇದ್ದದ್ದು ಅಲ್ಲಿಯೇ. ನನ್ನ ಬಾಯಿಂದ ಏನೂ ಬರುತ್ತಿರಲಿಲ್ಲ. ಧಾರವಾಡ ಎಂಬ ನಾಲ್ಕಕ್ಷರ ಗಂಟಲಿನ ತನಕ ಬಂದು ಅಲ್ಲಿಯೇ ಕೂತುಬಿಡುತ್ತಿತ್ತು. ಪರೀಕ್ಷೆಯ ಅಂಕಗಳೇ ನನ್ನ ಪರವಾಗಿ ಮಾತಾಡಲಿ ಎಂದುಕೊಂಡಿದ್ದೆ. ಆ ಅಂಕಗಳು ನಾಲ್ಕು ರಾಣಿಯರ ಕೈಯಲ್ಲಿದ್ದವು.

ಓದುವ ರಜೆ ಬಂತು. ಇಳಕಲ್‌ಗೆ ಬಂದು ಅಡುಗೆಮನೆಯ ಹಿಂದಿನ ಕತ್ತಲೆಕೋಣೆಯಲ್ಲಿ ಪುಸ್ತಕ ಹಿಡಿದು ಕೂತೆ. ಆ ಕೋಣೆ ನೀಲತ್ತೆಯದು. ನೀಲತ್ತೆ ಅಪ್ಪನ ಅಕ್ಕ. ಮಾವ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು, ಅವರ ಸಂಸಾರವೆಲ್ಲ ಸೊಲ್ಲಾಪುರದ ಕ್ವಾರ್ಟರ್ಸಿನಲ್ಲಿ ಕಳೆದಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಒಂದು ಟ್ರಂಕು, ಒಂದು ಎಲೆಯಡಿಕೆಯ ಸಂಚಿ ಹಿಡಿದುಕೊಂಡು ತಮ್ಮನ ಮನೆಗೆ ಬಂದಿದ್ದರು. ಸಂಚಿ ಸದಾ ಸೊಂಟದಲ್ಲಿ. ಬಾಯಿ ಸದಾ ಕೆಂಪು.

"ಏನವಾ ಅದು, ಆಗಿಂದ ಪೆನ್ಸಿಲ್ ಕಡೀಲಿಕ್ಕತ್ತಿ?"

ನಾನು ಓದಿ ಹೇಳಿದೆ. ಸ್ಪೇಡ್, ಹಾರ್ಟ್, ಕ್ಲಬ್, ಡೈಮಂಡ್. ಅತ್ತೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಅಯ್ಯ ಹುಚ್ಚಿ! ಇಸ್ಪೀಟ, ಬದಾಮ, ಕಿಲ್ವಾರ, ಚೌಕಟ ಅನ್ನಬಾರದೇನು? ಇದಕ್ಯಾಕ ಇಂಗ್ಲೀಷ್ ಬೇಕು?"

ಎದ್ದು ಹೋಗಿ ಅವ್ವ ಮಲಗಿದ್ದಾಳೆಯೇ ಎಂದು ಇಣುಕಿ ನೋಡಿ ಬಂದರು. ಬಾಗಿಲು ಮುಂದೆ ಮಾಡಿದರು. ಟ್ರಂಕಿನ ತಳದಿಂದ ಒಂದು ಖಣದ ಬಟ್ಟೆಯ ಗಂಟು ಹೊರಬಂತು. ದೇವರ ಮೂರ್ತಿ ಬಿಚ್ಚುವ ಭಕ್ತಿಯಿಂದ ಅದನ್ನು ಬಿಚ್ಚಿದರು. ನನ್ನ ಜೀವನದಲ್ಲಿ ಮೊದಲ ಸಲ ಐವತ್ತೆರಡು ಎಲೆಗಳು ಎದುರಿಗೆ ಬಂದು ಕೂತವು. ನಾಲ್ಕು ಮಂದಿ ರಾಣಿಯರನ್ನು ಅತ್ತೆ ಸಾಲಾಗಿ ಕೂರಿಸಿದರು. ನಾಲ್ವರೂ ನನ್ನನ್ನು ಓರೆಗಣ್ಣಿನಿಂದ ನೋಡಿ, ಒಬ್ಬಾಕೇ ಅಂದೆಯಲ್ಲವೇ ಎಂದು ಕೇಳಿದಂತಾಯಿತು.

ಪುಸ್ತಕದವರಿಗೆ ಹೃದಯವಾಗಿ ಕಂಡದ್ದು ಸೊಲ್ಲಾಪುರದ ಹೆಂಗಸರಿಗೆ ಬದಾಮಿನ ಕಾಳಾಗಿ ಕಂಡಿತ್ತು. ಹೃದಯಕ್ಕಿಂತ ಅದೇ ಸರಿ ಎಂದು ನನಗೂ ಅನಿಸಿತು. ಎದೆಯೊಳಗೆ ಇರುವುದು ಹಾಗಿರುವುದಿಲ್ಲ ಎಂದು ಜೀವಶಾಸ್ತ್ರದಲ್ಲಿ ಓದಿದ್ದೆ.

ಆಮೇಲೆ ನಮ್ಮ ಮಧ್ಯಾಹ್ನಗಳು ಹಬ್ಬವಾದವು. ನಾನು ಒಂದು ಎಲೆ ತೆಗೆಯುವುದು, ಏನು ಬಂತೆಂದು ಸ್ಲೇಟಿನ ಮೇಲೆ ಗೆರೆ ಎಳೆಯುವುದು, ಎಲೆಯನ್ನು ಮತ್ತೆ ಕಟ್ಟಿಗೆ ಸೇರಿಸಿ ಕಲೆಸುವುದು. ಅತ್ತೆಗೆ ಇದು ಸುತರಾಂ ಸೇರಲಿಲ್ಲ.

"ಬಂದದ್ದನ್ನ ಹಿಂದಕ ಕೊಡೂದು ಎಂಥಾ ಆಟವಾ ಇದು? ಕೈಗೆ ಬಂದ ರಾಣಿನ್ನ ಯಾರರ ಬಿಡ್ತಾರೇನು?"

"ಹಿಂದಕ ಇಡದಿದ್ರ ಲೆಕ್ಕ ಬದಲಾಗ್ತದ ಅತ್ತಿ."

"ಆಗವಲ್ತ್ಯಾಕ. ರಾಣಿ ಮನ್ಯಾಗ ಉಳೀತಾಳಲ್ಲ!"

ಅತ್ತೆಯ ಪ್ರಕಾರ ಪ್ರತಿ ಎಲೆಗೂ ಒಂದು ಸ್ವಭಾವವಿತ್ತು. ಚೌಕಟ ದುರ್ರಿ, ಅಂದರೆ ಎರಡರ ಎಲೆ, ಕರೆಯದೆ ಬರುವ ನೆಂಟ. ಇಸ್ಪೀಟ ಎಕ್ಕಾ ಗರ್ವಿಷ್ಠ, ಆಡುವವರ ಮನಸ್ಸು ಸರಿ ಇಲ್ಲದಿದ್ದರೆ ಬರುವುದಿಲ್ಲ. ಬದಾಮ ರಾಜಾ ಮೀಸೆ ಇಲ್ಲದವನು, ಅದಕ್ಕೇ ಉಳಿದ ಮೂವರು ರಾಜರ ಮುಂದೆ ಬರಲು ನಾಚಿಕೆ, ಯಾವಾಗಲೂ ತಳದಲ್ಲಿ ಅಡಗಿರುತ್ತಾನೆ. ಐವತ್ತೆರಡಕ್ಕೂ ಸಮಾನ ಅವಕಾಶ ಇದೆ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅತ್ತೆ ತಲೆ ಅಲ್ಲಾಡಿಸುತ್ತಿದ್ದರು. "ಒಂದೇ ತಾಯಿ ಮಕ್ಕಳಽ ಸಮ ಇರೂದಿಲ್ಲ, ಇನ್ನ ಇವು ಇರ್ತಾವೇನು?"

ನಿಜ ಹೇಳಬೇಕೆಂದರೆ ಆ ಕಟ್ಟಿನಲ್ಲಿ ಸಮಾನತೆ ಇರಲೂ ಇಲ್ಲ. ಕಿಲ್ವಾರ ಸತ್ತಿ ಎಂದೋ ಸೊಲ್ಲಾಪುರದಲ್ಲಿ ಕಳೆದುಹೋಗಿತ್ತು. ಅದರ ಬದಲಿಗೆ ಅತ್ತೆ ಇಳಕಲ್ ಸೀರೆಯ ಪೆಟ್ಟಿಗೆಯ ರಟ್ಟನ್ನು ಕತ್ತರಿಸಿ, ಮಸಿಯಿಂದ ಏಳು ಕಿಲ್ವಾರ ಬರೆದಿದ್ದರು. ಬೇರೆ ಎಲೆಗಳಿಗಿಂತ ಅದು ಎರಡು ಪಟ್ಟು ದಪ್ಪ. ಬೆನ್ನ ಮೇಲೆ ಅಂಗಡಿಯವರು ಅಚ್ಚು ಹಾಕಿಸಿದ 'ಪಕ್ಕಾ ಬಣ್ಣ' ಎಂಬ ಎರಡು ಮಾತು ಹಾಗೇ ಉಳಿದಿದ್ದವು. ಎದುರಿನವರ ಕೈಯಲ್ಲಿ ಕಿಲ್ವಾರ ಸತ್ತಿ ಇದೆಯೋ ಇಲ್ಲವೋ ಎಂದು ತಿಳಿಯಲು ಯಾವ ಸೂತ್ರವೂ ಬೇಕಿರಲಿಲ್ಲ.

ಇಷ್ಟೆಲ್ಲ ಮನೆಯೊಳಗೆ ನಡೆಯುತ್ತಿದ್ದರೂ ಗುಟ್ಟು ಗುಟ್ಟಾಗಿಯೇ ಉಳಿದದ್ದಕ್ಕೆ ನಾನು ನಮ್ಮ ಭಾಷೆಗೆ ಋಣಿ. ನಮ್ಮಲ್ಲಿ ಇಸ್ಪೀಟೂ ಎಲಿ, ವೀಳ್ಯವೂ ಎಲಿ. ಅಪ್ಪ ಮನೆಯಲ್ಲಿದ್ದಾಗಲೇ ನಾನು, "ಅತ್ತಿ, ಎಲಿ ಹಾಕ್ತೀಯೇನು?" ಎಂದು ಕೇಳಬಹುದಿತ್ತು. ಅತ್ತೆ, "ಈಗ ಬ್ಯಾಡ, ಊಟಾದ ಮ್ಯಾಲ ಹಾಕೂಣು" ಎಂದು ಉತ್ತರ ಕೊಡಬಹುದಿತ್ತು. ಅಪ್ಪ ಇದನ್ನು ಕೇಳಿ ಅವ್ವನ ಮುಂದೆ, "ನೋಡು, ಅತ್ತಿ ಮ್ಯಾಲ ಎಷ್ಟು ಕಾಳಜಿ ಹುಡುಗೀಗೆ" ಎಂದು ಮೆಚ್ಚಿಕೊಂಡದ್ದು ನನ್ನ ಕಿವಿಗೆ ಬಿದ್ದು, ನಾನೂ ಅತ್ತೆಯೂ ದಿಂಬಿಗೆ ಮುಖ ಒತ್ತಿ ನಕ್ಕಿದ್ದೆವು.

ಅತ್ತೆ ಪುಕ್ಕಟೆ ಕಲಿಸುವವರಲ್ಲ. ಒಂದು ಲೆಕ್ಕ ಬಿಡಿಸಿದರೆ ಒಂದು ಆಟ ರಮ್ಮಿ ಆಡಬೇಕು, ಅದು ಕರಾರು. ಮೊದಮೊದಲು ಕರಾರಿಗೆ ಕಟ್ಟುಬಿದ್ದು ಆಡಿದೆ. ಆಮೇಲೆ ರಮ್ಮಿ ಬೇಗ ಬರಲಿ ಎಂದು ಲೆಕ್ಕ ಬಿಡಿಸತೊಡಗಿದೆ. ಹೊರಗೆ ಯಾರೊಂದಿಗೂ ದನಿ ಎತ್ತದ ನಾನು ಆ ಕತ್ತಲೆಕೋಣೆಯಲ್ಲಿ ಸಂತೆಯವರ ಹಾಗೆ ಕೂಗುತ್ತಿದ್ದೆ ಎಂದು ಹೇಳಿದರೆ ನನ್ನ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ.

ಒಂದು ಶನಿವಾರ ನನ್ನ ಕೈಯಲ್ಲಿ ಬದಾಮ ಗುಲಾಮ, ಬದಾಮ ರಾಣಿ ಜೋಡಿಯಾಗಿ ಕೂತಿದ್ದರು. ಉಳಿದ ಎಲೆಗಳೆಲ್ಲ ಹೊಂದಿದ್ದವು. ಬದಾಮ ಹತ್ತು ಆಗಲೇ ಅತ್ತೆಯ ಪಾಲಾಗಿತ್ತು, ಬದಾಮ ರಾಜಾ ಒಬ್ಬ ಬಂದರೆ ಆಟ ನನ್ನದು. ಅವನು ತನ್ನ ಸ್ವಭಾವದಂತೆ ಎಲ್ಲೋ ತಳದಲ್ಲಿ ಅಡಗಿ ಕೂತಿದ್ದ.

"ಅತ್ತಿ, ನನಗ ಬದಾಮ ರಾಜಾ ಬೇಕು!"

"ಅವ ನಿನಗ ಸಿಗೂದಿಲ್ಲ, ಬಿಡವಾ. ಆಸೆ ಬಿಟ್ಟು ಬ್ಯಾರೆ ಯಾರನ್ನರ ನೋಡು."

"ಉಹುಂ! ಬಂದ್ರ ಅವನೇ ಬರಬೇಕು. ಮತ್ತ್ಯಾರೂ ಬ್ಯಾಡ."

"ಎಷ್ಟೊತ್ತು ಕುಂದರ್ತಿ ಅವನ ಹಾದಿ ಕಾಕೋಂತ?"

"ಸಾಯೂತನಕ ಕುಂದರ್ತೇನಿ!"

ಶನಿವಾರ ಕೋರ್ಟು ಅರ್ಧ ದಿನ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಪಡಸಾಲೆಯಲ್ಲಿ ಅಪ್ಪ ಒಂದು ಚಪ್ಪಲಿ ಬಿಚ್ಚಿ, ಇನ್ನೊಂದನ್ನು ಬಿಚ್ಚಲು ಬಗ್ಗಿದವರು, ಹಾಗೇ ನಿಂತು ಇಷ್ಟನ್ನೂ ಕೇಳಿದ್ದರು. ಕೋರ್ಟಿನಲ್ಲಿ ತಲೆ ನೆರೆದವರು. ಬಾಯಿ ಬಿಡದ ಮಗಳ ಬಾಯಿಂದ ಕೊನೆಗೂ ಜಬಾನಿ, ಅಂದರೆ ಕೋರ್ಟಿನವರು ಬರೆದುಕೊಳ್ಳುವ ಹೇಳಿಕೆ, ಬಂದಿತ್ತು. ಅವರು ಬಿಚ್ಚಿದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಸದ್ದಾಗದ ಹಾಗೆ ಹೊರಗೆ ಹೋದರು. ಆ ಹೊತ್ತಿಗೆ ಒಳಗೆ ನಾನು ಆಟ ಸೋತು ಸ್ಲೇಟು ಒರೆಸುತ್ತಿದ್ದೆ.

ಮಾರನೆಯ ದಿನ ಅವ್ವ ಮಾದಲಿ ಮಾಡಿದಳು. ಯಾವ ಹಬ್ಬ ಎಂದು ಕೇಳಿದರೆ ಅಪ್ಪ ನಕ್ಕರು. ಊಟ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು ಹೇಳಿದರು.

"ನೀ ಬಾಯಿ ಬಿಟ್ಟು ಅಂದದ್ದು ಭಾಳ ಛಲೋ ಆತವಾ. ಬದಾಮಿಗೆ ಹೊಂಟವರ ಕೈಲೆ ನಿನ್ನೇನೇ ಒಪ್ಪಿಗಿ ಹೇಳಿ ಕಳಿಸೇನಿ. ಬರೂ ಐತವಾರ ಅವರು ನೋಡಾಕ ಬರ್ತಾರ."

"ನಾ... ನಾ ಏನ್ ಅಂದೆರೀ ಅಪ್ಪಾ?"

"ನಾಚಬ್ಯಾಡ. ನನ್ನ ಕಿವಿಲೇ ಕೇಳೇನಿ. ಬದಾಮಿ ರಾಜಾ ಬೇಕು, ಮತ್ತ್ಯಾರೂ ಬ್ಯಾಡ, ಸಾಯೂತನಕ ಕುಂದರ್ತೇನಿ ಅಂದಿ." ಅಪ್ಪನ ಕಣ್ಣು ತುಂಬಿದ್ದವು. "ನಮ್ಮವ್ವ, ಇಷ್ಟು ಮನಸಿನಾಗ ಇಟ್ಟುಕೊಂಡು ಓದಾಕತ್ತಿದ್ದಿ!"

ನೀಲತ್ತೆಗೆ ಅಡಿಕೆ ಅಡ್ಡದಾರಿಗೆ ಹೋಯಿತು. ಕೆಮ್ಮಿ ಕೆಮ್ಮಿ ಕೆಂಪಾದರು. ಅವ್ವ ನೀರು ತಂದಳು. ನಾನು ಬಾಯಿ ಬಿಟ್ಟರೆ ಅತ್ತೆಯ ಗಂಟು ಹೊರಬೀಳುತ್ತದೆ, ಬಿಡದಿದ್ದರೆ ಧಾರವಾಡ ಹೋಗುತ್ತದೆ. ಗ್ರಂಥಾಲಯದ ಆ ಕಿಟಕಿ ಮುಚ್ಚಿಕೊಳ್ಳುತ್ತಿರುವ ಸದ್ದು ನನಗೆ ಕೇಳಿಸುತ್ತಿತ್ತು.

ಕೆಮ್ಮು ನಿಂತ ಮೇಲೆ ಅತ್ತೆ ಎದ್ದು ಕೋಣೆಗೆ ಹೋದರು. ಖಣದ ಗಂಟು ತಂದು ಅಪ್ಪನ ಮುಂದೆ ಬಿಚ್ಚಿ, ಎಲೆಗಳನ್ನು ಸರಿಸಿ, ಒಂದನ್ನು ಎತ್ತಿ ಅವರ ಮೂಗಿನ ನೇರಕ್ಕೆ ಹಿಡಿದರು.

"ತಮ್ಮಾ, ಇಕಾ ನೋಡು. ನಿನ್ನ ಮಗಳು ಬೇಡಿದ ಬದಾಮ ರಾಜಾ ಇವ. ಬದಾಮಿ ಅಲ್ಲ, ಬದಾಮ."

ಅಪ್ಪ ಹಿಂದಕ್ಕೆ ಸರಿದರು. "ಅಕ್ಕಾ! ಇದು ಮುದ್ದೆಮಾಲು! ನನ್ನ ಮನ್ಯಾಗ!"

"ರೊಕ್ಕ ಇಲ್ಲದ ಆಟಕ್ಕ ಯಾವ ಕಲಂ ಹಚ್ತೀಯೋ? ಹುಡುಗಿ ಪರೀಕ್ಷಾಕ್ಕ ಇದಽ ಬರ್ತೈತಿ. ಬೇಕಾದ್ರ ಅಕಿ ಪುಸ್ತಕ ನೋಡು."

ನಾನು ಪುಸ್ತಕ ತಂದು ಆ ಪುಟ ತೆಗೆದು ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಸರಕಾರ ಒಪ್ಪಿದ ಪುಸ್ತಕದಲ್ಲಿ ಮುದ್ದೆಮಾಲು ಕಂಡು ಅವರ ಮುಖದ ಮೇಲೆ ಏನೇನೋ ಹಾದುಹೋಯಿತು. ಆಮೇಲೆ ರಾಜನ ಎಲೆಯನ್ನೂ ಜಗಲಿಯ ಮೇಲಿನ ಫೋಟೋವನ್ನೂ ಸರದಿಯಲ್ಲಿ ನೋಡಿದರು.

"ಇವಗೂ ಮೀಸಿ ಇಲ್ಲ" ಎಂದರು ಕೊನೆಗೆ.

ಅವ್ವ ಫಕ್ಕನೆ ನಕ್ಕುಬಿಟ್ಟಳು. ಆಗಲೇ ನನಗೆ ಧೈರ್ಯ ಬಂದದ್ದು. "ಅಪ್ಪಾ, ನನಗ ಧಾರವಾಡಕ್ಕ ಹೋಗೂದೈತ್ರಿ. ಎಂ.ಎಸ್ಸಿ. ಓದೂದೈತ್ರಿ" ಎಂದೆ. ಅಷ್ಟು ದಿನ ಗಂಟಲಲ್ಲಿ ಕೂತದ್ದು ಒಂದೇ ಉಸಿರಿಗೆ ಎದ್ದು ಹೊರಗೆ ನಡೆದಿತ್ತು.

ಅಪ್ಪ ಕನ್ನಡಕ ತೆಗೆದು ಮಡಚಿಟ್ಟರು. "ಆದ್ರ ಮಾತು ಹೋಗಿಬಿಟ್ಟೈತಲ್ಲವಾ" ಎಂದರು. ಮಾತು ಎಂದರೆ ಅವರಿಗೆ ಸಹಿ ಮಾಡಿದ ಕಾಗದ. ಹೀಗೆ ಎರಡು ದಾರಿ ಎದುರಾದಾಗ ಅವರದೊಂದು ಪದ್ಧತಿ ಇತ್ತು. ಎರಡು ಚೀಟಿ ಬರೆದು ದೇವರ ಮುಂದೆ ಹಾಕಿ ಒಂದನ್ನು ಎತ್ತುವುದು. ಎಮ್ಮೆ ಕೊಳ್ಳುವುದರಿಂದ ಹಿಡಿದು ಅಣ್ಣನನ್ನು ಯಾವ ಸಾಲೆಗೆ ಹಾಕಬೇಕು ಎಂಬಲ್ಲಿಯವರೆಗೆ ನಮ್ಮ ಮನೆಯ ಇತಿಹಾಸವೆಲ್ಲ ಚೀಟಿಯಿಂದಲೇ ಆದದ್ದು. "ಚೀಟಿ ಹಾಕೂಣು. ಬದಾಮಿ ಒಂದು, ಧಾರವಾಡ ಒಂದು. ದೇವರು ಹೇಳಿದಂಗ ಆಗಲಿ."

ಎರಡರಲ್ಲಿ ಒಂದು!

ನೀಲತ್ತೆ ಬಾಯಿ ಹಾಕಿದರು. "ಚೀಟಿ ಯಾಕೋ? ತಂಟೆ ಎಲಿಯಿಂದ ಬಂತು, ಎಲಿಯಿಂದಽ ಹರೀಲಿ. ನೀನೇ ಒಂದು ಎಲಿ ಎತ್ತು. ಬದಾಮ ರಾಜಾ ಬಂದ್ರ ಬದಾಮಿ. ಬರದಿದ್ರ ಧಾರವಾಡ."

ಅಪ್ಪ ಯೋಚಿಸಿದರು. "ಬಂದ್ರ ಬಂದ, ಇಲ್ಲಾಂದ್ರ ಇಲ್ಲ. ಎರಡಽ ಮಾತು. ಚೀಟಿಗತೇನೇ ಆತು. ಆಗಲಿ."

ಅತ್ತೆ ಎಲೆಗಳನ್ನು ಒಟ್ಟು ಮಾಡಿ, ರೊಟ್ಟಿಯ ಹಿಟ್ಟು ನಾದುವವರ ಹಾಗೆ ನೆಲದ ಮೇಲೆ ಕಲೆಸತೊಡಗಿದರು. ಅಪ್ಪ ಕೈ ತೊಳೆಯಲು ಬಚ್ಚಲಿಗೆ ಹೋದರು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಎರಡೇ ಮಾತು ಎಂದದ್ದು ನನ್ನ ತಲೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಸುಮ್ಮನಿದ್ದರೆ ಲಾಭ ನನಗೇ. ಆದರೆ ತಪ್ಪು ಲೆಕ್ಕವನ್ನು ಕಣ್ಣೆದುರು ಬಿಟ್ಟು ಕೂರುವುದು ನನ್ನಿಂದ ಆಗದ ಕೆಲಸ. ಪರರ ಉತ್ತರಪತ್ರಿಕೆಯಾದರೂ ಕೈ ತಿದ್ದಲು ಹೋಗುತ್ತದೆ.

"ಅಪ್ಪಾ, ಅದು ಚೀಟಿಯಂಗಲ್ರಿ" ಎಂದೆ, ಅವರು ಬಂದು ಕೂತ ಮೇಲೆ.

ಅತ್ತೆ ನನ್ನ ತೊಡೆಯನ್ನು ಚಿವುಟಿದರು. ಚಿವುಟಿದ್ದರ ಗುರುತು ಎಷ್ಟೋ ದಿನ ಇತ್ತು.

"ಅರ್ಧಾ ಅರ್ಧಾ ಅಲ್ರಿ. ಎಲಿ ಐವತ್ತೆರಡು. ಬದಾಮ ರಾಜಾ ಒಬ್ಬನೇ. ಅಂದ್ರ ಐವತ್ತೊಂದು ಎಲಿ ಧಾರವಾಡದ ಕಡೆ, ಒಂದು ಬದಾಮಿ ಕಡೆ."

ಅಪ್ಪ ನನ್ನ ಮುಖ ನೋಡಿದರು. "ಇದನ್ನ ಹೇಳಿದ್ರ ನಿನಗ ನುಕ್ಸಾನ ಅಲ್ಲೇನು?"

"ಹೌದ್ರಿ. ಆದ್ರ ಲೆಕ್ಕ ತಪ್ಪಾಗ್ತದಲ್ರಿ."

ಅಪ್ಪನ ತುಟಿಯ ತುದಿಯಲ್ಲಿ ನಗು ಬಂದು ಹೋಯಿತು. "ಛಲೋ ಆತು. ಕಕ್ಷಿದಾರಳೇ ಖರೆ ಹೇಳ್ಯಾಳ. ಹಂಗಽ ಆಗಲಿ, ಐವತ್ತೆರಡರಾಗ ಒಂದು" ಎಂದು ಜಗಲಿಗೆ ಕೈಮುಗಿದು ಕಣ್ಣು ಮುಚ್ಚಿದರು.

ಐವತ್ತೆರಡರಲ್ಲಿ ಒಂದು ಎಂದರೆ ಪುಸ್ತಕದಲ್ಲಿ ಎಷ್ಟು ಸಣ್ಣದು! ದಶಮಾಂಶದಲ್ಲಿ ಬರೆದರೆ ಸೊನ್ನೆಯ ಪಕ್ಕ ಮತ್ತೊಂದು ಸೊನ್ನೆ ಇಟ್ಟು, ಆಮೇಲೆ ಒಂದು, ಒಂಬತ್ತು. ಅಪ್ಪನ ಬೆರಳು ಎಲೆಗಳ ಮೇಲೆ ಸುಳಿದಾಡುತ್ತಿದ್ದಾಗ ಅದೇ ಸಂಖ್ಯೆ ಉಬ್ಬಿ ಉಬ್ಬಿ ಇಡೀ ಪಡಸಾಲೆಯನ್ನು ತುಂಬಿತು. ಪ್ರತಿ ಎಲೆಯೂ ಬೆನ್ನು ತಿರುಗಿಸಿ ಮಲಗಿದ ರಾಜಾನೇ ಎನಿಸಿತು. ಕೈಗೆ ದಪ್ಪಗೆ ಹತ್ತಿದ ಒಂದನ್ನು ಅಪ್ಪ ಎತ್ತಿ, ಕಣ್ಣು ತೆರೆದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದ್ಯಾರಿದು? ರಟ್ಟಿನಾಗ ಮಾಡ್ಯಾರ?" ಆಮೇಲೆ ಬೆನ್ನು ತಿರುಗಿಸಿ ಓದಿದರು. "ಪಕ್ಕಾ ಬಣ್ಣ."

ಕಿಲ್ವಾರ ಸತ್ತಿ! ನಾನು ಎದ್ದು ಕುಣಿದೆ. ಹೌದು, ನಾನೇ. ಅತ್ತೆಯ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿದೆ. ಅವ್ವ, "ಸಾವಕಾಶ, ಸಾವಕಾಶ" ಎನ್ನುತ್ತ ತಾನೂ ನಗುತ್ತಿದ್ದಳು. ಹುಡುಗಿ ಇನ್ನೂ ಓದುತ್ತಾಳಂತೆ ಎಂದು ಅಪ್ಪ ಸಂಜೆಯೇ ಬಾದಾಮಿಗೆ ಹೇಳಿ ಕಳುಹಿಸಿದರು. ಅವರೇನೂ ಬೇಸರ ಮಾಡಿಕೊಳ್ಳಲಿಲ್ಲ. ರಾಜಶೇಖರ ಅವರನ್ನು ಈಗ ಬಾದಾಮಿಯ ಅಂಚೆ ಕಚೇರಿಯಲ್ಲಿ ಒಮ್ಮೊಮ್ಮೆ ಕಾಣುತ್ತೇನೆ. ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿದ್ದಾರೆ. ದೊಡ್ಡ ಮೀಸೆ ಬಿಟ್ಟಿದ್ದಾರೆ.

ಪರೀಕ್ಷೆಯಲ್ಲಿ ಆ ವರ್ಷವೂ ರಾಣಿಯರು ಬಂದರು. ನಾಲ್ವರನ್ನೂ ಮರ್ಯಾದೆಯಿಂದ ಎಣಿಸಿ ಬರೆದೆ. ಒಳ್ಳೆಯ ಅಂಕ ಬಂದು ಧಾರವಾಡದ ಸೀಟೂ ಸಿಕ್ಕಿತು.

ಹೊರಡುವ ಹಿಂದಿನ ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದೆವು. ಎಂದೂ ವೀಳ್ಯ ಹಾಕದ ಅಪ್ಪ ಅಂದು ಏನನಿಸಿತೋ, "ಅಕ್ಕಾ, ನನಗೊಂದು ಎಲಿ ಕೊಡು" ಎಂದು ಕೈ ಚಾಚಿದರು. ಅತ್ತೆ ಗಡಿಬಿಡಿಯಿಂದ, "ನಾ ಮಡಚಿ ಕೊಡ್ತೇನಿ ತಡೀ" ಎನ್ನುವಷ್ಟರಲ್ಲಿ ಅಪ್ಪನ ಕೈ ಅವರು ಸೊಂಟದಿಂದ ಬಿಚ್ಚಿ ಪಕ್ಕದಲ್ಲಿಟ್ಟಿದ್ದ ಸಂಚಿಯೊಳಗೆ ಹೋಗಿತ್ತು. ಅಡಿಕೆಯ ಗೂಡಿನಲ್ಲಿ ಅಡಿಕೆ, ಸುಣ್ಣದ ಡಬ್ಬಿ, ಎಲೆಯ ಗೂಡಿನಲ್ಲಿ ಎಲೆ. ಆ ಎಲೆಗಳ ನಡುವಿನಿಂದ ಅಪ್ಪ ಮೆಲ್ಲಗೆ ಎಳೆದು ತೆಗೆದದ್ದು ಅಂಚಿಗೆ ಕಾಚಿನ ಕಲೆ ಹತ್ತಿದ ಬದಾಮ ರಾಜಾನನ್ನು.

ಅತ್ತೆ ಮಾಡಿನ ತೊಲೆಗಳನ್ನು ನೋಡುತ್ತಿದ್ದರು. ಅಪ್ಪ ಕೈ ತೊಳೆಯಲು ಹೋದಾಗಿನಿಂದ ಇವನು ಅಲ್ಲಿಯೇ ಇದ್ದ. ಅಷ್ಟು ಜಂಬದಿಂದ ಐವತ್ತೆರಡರಲ್ಲಿ ಒಂದು ಎಂದು ನಾನು ಸಾಕ್ಷಿ ಹೇಳಿದ್ದೆನಲ್ಲ, ಅದೂ ತಪ್ಪು. ಸರಿಯಾದ ಉತ್ತರ ನಾನು ಮೊದಲ ಟೆಸ್ಟಿನಲ್ಲಿ ಬರೆದಿದ್ದ ಅದೇ ಸೊನ್ನೆ, ಕೆಳಗೆ ಎರಡು ಗೆರೆ. ಚೆನ್ನಾಗಿ ಕಲೆಸಿದ ಕಟ್ಟಿನ ಬಗ್ಗೆ ಅಷ್ಟೆಲ್ಲ ಬರೆದ ಪುಸ್ತಕದವರು, ಅತ್ತೆಯ ಸಂಚಿಯ ಬಗ್ಗೆ ಒಂದು ಸಾಲನ್ನೂ ಬರೆದಿರಲಿಲ್ಲ.

ಅಪ್ಪ ರಾಜನನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು.

"ಅಕ್ಕಾ, ಈ ಎಲಿಗೆ ಸುಣ್ಣ ಹಚ್ಚೂದು ಮರತೀಯಲ್ಲ" ಎಂದರು.

ಆಮೇಲೆ ಅವನನ್ನು ಇದ್ದ ಜಾಗದಲ್ಲಿಯೇ ಇಟ್ಟು, ಬೇರೊಂದು ಎಲೆ ತೆಗೆದು, ತೊಟ್ಟು ಮುರಿದು, ಸುಣ್ಣ ಸವರಿ ಮಡಚಿ ಬಾಯಿಗಿಟ್ಟುಕೊಂಡರು. ಅಭ್ಯಾಸವಿಲ್ಲದ ಬಾಯಿ, ತುಟಿಯೆಲ್ಲ ಕೆಂಪಾಯಿತು. ಜಗಿಯುತ್ತ ಜಗಿಯುತ್ತ ನನ್ನ ಕಡೆ ನೋಡದೆಯೇ ಹೇಳಿದರು. "ಧಾರವಾಡದಾಗ ಛಲೋ ಎಲಿ ಸಿಗ್ತಾವಂತ. ರಜಾಕ್ಕ ಬರೂಮುಂದ ಅತ್ತಿಗೆ ತಗೊಂಡು ಬಾ."

ಯಾವ ಎಲೆ ಎಂದು ನಾನು ಕೇಳಲಿಲ್ಲ. ಮೊದಲ ರಜೆಗೆ ಬರುವಾಗ ಎರಡನ್ನೂ ತಂದೆ.